ನಮ್ಮನಿ ಝೆನ್ ಗಾಡಿ ಮಾರಿದ ಇತಿಹಾಸ

ಹೋದ ವಾರ ಓಣ್ಯಾಗಿನ ವೈನಿ ಒಬ್ಬರು ಚಹಾಕ್ಕ ಬಂದಿದ್ರು. "ನಮ್ಮ ಹುಡುಗ ಹಳೇ ಕಾರ್ ತಗೊಂಡು ಅದರ ಮ್ಯಾಲೆ ಎರಡು ಲಕ್ಷ ಸುರದಾನ್ರಿ. ಈಗ ಮಾರ್ತೇನಂದ್ರ ಹಾಕಿದ ರೊಕ್ಕಾನೂ ಬರವಲ್ದು, ಗಾಡಿ ರೊಕ್ಕಾನೂ ಬರವಲ್ದು. ಇದೇನ್ರೀ ಹಿಂಗ?" ಅಂತ ಕೇಳಿದ್ರು. ನನಗ ಮೊದಲ ನಗು ಬಂತು, ಆಮ್ಯಾಲೆ ಹೊಟ್ಟ್ಯಾಗ ಚುರ್ ಅಂತು. ಯಾಕಂದ್ರ 2012ರಾಗ ನಮ್ಮ ಮನ್ಯಾಗೂ ಇದ ಆಗಿತ್ತು. ಬರೀ ಗಾಡಿ ಕಥಿ ಆಗಿದ್ರ ನಾ ಬರೀತಿದ್ದಿಲ್ಲ. ಅದರಾಗ ನಮ್ಮ ನೆಗೆಣ್ಣಿ ಪಾಟ್ಲಿ ಇದ್ದುವು, ಅಕೀ ಹೆಸರೂ ಇತ್ತು.

ಆದ್ರ ಇದು ಪೂರಾ ತಿಳೀಬೇಕಂದ್ರ ನಮ್ಮ ಮಾವನವರ ಫಿಯಾಟಿನಿಂದ ಸುರು ಮಾಡ್ಬೇಕು.

ಮಾವನವರದು ಹುಬ್ಬಳ್ಳ್ಯಾಗ ಮೆಣಸಿನಕಾಯಿ ದಲ್ಲಾಳಿ ಅಂಗಡಿ. 1975ರಾಗ ಅವರು ಒಬ್ಬ ಡಾಕ್ಟರ ಕಡೆ ನಾಕು ವರ್ಷ ಓಡಿದ ಫಿಯಾಟ್ 1100 ತಗೊಂಡ್ರು. ಹೊಸಾ ಗಾಡಿ ಕಿಮ್ಮತ್ತಿಗಿಂತ ಎರಡು ಸಾವಿರ ಹೆಚ್ಚ ಕೊಟ್ಟು! ಅತ್ತಿಯವರು ಇದನ್ನ ಹೇಳಿದಾಗ ನಾ ನಂಬಲಿಲ್ಲ. ಬಳಸಿದ ಸೀರಿಗೆ ಹೊಸಾ ಸೀರಿಗಿಂತ ಹೆಚ್ಚು ಯಾರರೆ ಕೊಡ್ತಾರೇನು ಅಂದೆ. ಆದ್ರ ಆಗಿನ ಕಾಲ ಹಂಗ ಇತ್ತು. ಇಡೀ ದೇಶಕ್ಕ ಕಾರ್ ಮಾಡೋರು ಮೂರ ಮಂದಿ. ಕಲ್ಕತ್ತಾ ಕಡೆ ಉತ್ತರಪಾಡಾದಾಗ ಅಂಬಾಸಡರ್, ಮುಂಬೈ ಕುರ್ಲಾದಾಗ ಫಿಯಾಟ್, ಮದ್ರಾಸಿನ್ಯಾಗ ಹೆರಾಲ್ಡ್ ಮಾಡೋ ಸ್ಟ್ಯಾಂಡರ್ಡ್. ಎಷ್ಟು ಗಾಡಿ ಮಾಡ್ಬೇಕು ಅನ್ನೋದು ಸರ್ಕಾರದ ಲೈಸೆನ್ಸಿನ ಮ್ಯಾಲೆ. ರೊಕ್ಕ ಕಟ್ಟಿ ಹೆಸರು ಬರೆಸಿದ್ರ ವರ್ಷಗಟ್ಟಲೆ ಕಾಯ್ಬೇಕು. ಹೊಸಾ ಗಾಡಿ ಬಂದಕೂಡ್ಲೆ ಲಾಭಕ್ಕ ಮಾರಬಾರ್ದು ಅಂತನೂ ಕಾಯಿದೆ ಇತ್ತು, ಒಂದಿಷ್ಟು ಕಾಲ ಇಟಗೊಳ್ಳಾಕ ಬೇಕು. ಅದಕ್ಕ ಕಾಯೋದು ಬ್ಯಾಡ ಅಂದೋರು ಹಳೇದಕ್ಕ ಹೆಚ್ಚು ಕೊಡ್ತಿದ್ರು.

ಆ ಕುರ್ಲಾ ಕಾರಖಾನಿ ಹಾಕಿದವ್ರು ಸೋಲಾಪುರದ ವಾಲಚಂದ ಹೀರಾಚಂದ. ಹೌದು, ನಾವು ಚಾದರ ತರಸ್ತೀವಲ್ಲ, ಅದ ಸೋಲಾಪುರ. ಬೆಂಗಳೂರಾಗ 1940ರಾಗ ವಿಮಾನದ ಕಾರಖಾನಿ, ಈಗಿನ ಎಚ್.ಎ.ಎಲ್., ಸುರು ಮಾಡಿದವರೂ ಅವರ, ಮೈಸೂರು ಸಂಸ್ಥಾನದ ಪಾಲಿನ ರೊಕ್ಕ ಕೂಡಿಸಿ. 1944ರಾಗ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದ್ರು. ಫಿಯಾಟ್ 1100 ಮುಂದ ಹೆಸರು ಬದ್ಲಾಗಿ ಪ್ರೆಸಿಡೆಂಟ್ ಆತು, ಆಮ್ಯಾಲೆ ಪದ್ಮಿನಿ ಆತು. ಹೆಸರು ಬದ್ಲಾದ್ರೂ ಒಳಗಿನ 1089 ಸಿ.ಸಿ. ಇಂಜಿನ್ ಅದ, ಸ್ಟೇರಿಂಗಿನ ಬಾಜೂಕ ಗೇರ್ ಕಡ್ಡೀನೂ ಅದ.

ಮಾವನವರು ಆ ಫಿಯಾಟಿಗೆ ಏನೂ ಬದ್ಲಿ ಮಾಡಲಿಲ್ಲ. ಒಂದು ದೀಪ ಒಡದ್ರ ಕಂಪನಿದ ಬರೂತನಾ ಎರಡು ತಿಂಗಳು ಒಂಟಿಗಣ್ಣಿಲೆ ಓಡ್ಸಿದ್ರು. "ಹೆಂಗ ಬಂದದ ಹಂಗ ಇದ್ರ ಮಾರೂ ಮುಂದ ಮಾತಿಲ್ಲ" ಅಂತಿದ್ರು. ಮೆಣಸಿನಕಾಯಿ ಚೀಲದ ಬಾಯಿ ಬಿಚ್ಚಿ ಒಳಗ ಕೈ ಹಾಕಿ ನೋಡೋ ಮನುಷ್ಯಾ, ಅವರಿಗೆ ಗಿರಾಕಿ ಮನಸ್ಸು ಗೊತ್ತಿತ್ತು. ನಾ ಲಗ್ನಾಗಿ ಬಂದಿದ್ದು 1989ರಾಗ. ಮರು ವರ್ಷ ಆ ಫಿಯಾಟ್ ಮಾರಿದ್ರು. ಅಷ್ಟರಾಗ ಮಾರುತಿ ಬಂದು ಆರೇಳು ವರ್ಷಾಗಿತ್ತು, ಹಳೇದಕ್ಕ ಹೆಚ್ಚು ಕೊಡೋ ಕಾಲ ಹೋಗಿತ್ತು. ಬಂದಷ್ಟು ಬಂತು ಅಂತ ಕೊಟ್ರು. ಗಾಡಿ ಓಣಿ ದಾಟೂತನಾ ಮಾವನವರು ಕಟ್ಟಿ ಮ್ಯಾಲೆ ನಿಂತಿದ್ರು.

ಈಗ ಮೈದುನನ ಕಥಿ. ಅವನ ಸೋದರಮಾವ ಮದ್ರಾಸಿನ್ಯಾಗ ನೌಕರಿ ಮಾಡ್ತಿದ್ರು. ಮೈದುನ ಹನ್ನೆರಡು ವರ್ಷದಾಂವ ಇದ್ದಾಗ, ಅಂದ್ರ 1984ರ ಸುಮಾರಿಗೆ, ಅವರು ಇವನ್ನ ಶೋಳಾವರಂಗ ರೇಸ್ ತೋರಸಲಿಕ್ಕೆ ಕರಕೊಂಡು ಹೋದ್ರು. ಶೋಳಾವರಂ ಅಂದ್ರ ಮದ್ರಾಸಿನ ಹೊರಗ ಎರಡನೇ ಮಹಾಯುದ್ಧದ ಕಾಲಕ್ಕ ವಿಮಾನ ಇಳೀಲಿಕ್ಕೆ ಹಾಕಿದ ಪಟ್ಟಿ. ಯುದ್ಧ ಮುಗದ ಮ್ಯಾಲೆ ಮದ್ರಾಸ್ ಮೋಟರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲೆ ವರ್ಷಾ ರೇಸ್ ನಡಸ್ತಿದ್ರು. 1990ರ ಸುಮಾರಿಗೆ ಶ್ರೀಪೆರಂಬದೂರ ಹತ್ರ ಇರುಂಗಾಟ್ಟುಕೋಟೈದಾಗ ರೇಸಿಗಂತನ ರಸ್ತಾ ಮಾಡೂತನಾ ಶೋಳಾವರಂ ಅಂದ್ರ ಗಾಡಿ ಹುಚ್ಚಿನವರಿಗೆ ಪಂಢರಪುರ ಇದ್ದಂಗ.

ಹೊರದೇಶದ ರೇಸ್ ಗಾಡಿ ತರ್ಸೋ ಶ್ರೀಮಂತ್ರೂ ಅಲ್ಲೆ ಇದ್ರಂತ. ಆದ್ರ ನಮ್ಮ ಹುಡುಗನ ಕಣ್ಣಿಗೆ ಬಿದ್ದದ್ದು ಫಿಯಾಟ್. ಮನ್ಯಾಗ ಅಪ್ಪ ಅರಿವಿ ಹಚ್ಚಿ ಒರಸೋ ಅದ ಫಿಯಾಟ್, ಅಲ್ಲೆ ಹಿಂದಿನ ಸೀಟು ಕಿತ್ತು, ಬಂಪರ್ ತಗದು, ಗುಡುಗ್ಕೋತ ಹೊಂಟಿತ್ತು. ಹೊಸಾ ಛಲೋ ಗಾಡಿ ಈ ದೇಶದಾಗ ಸಿಗೂದಿಲ್ಲ ಅಂದ ಮ್ಯಾಲೆ, ಇದ್ದದ್ದನ್ನ ಬಿಚ್ಚಿ ತಿದ್ದೋದೊಂದ ದಾರಿ. ಮೇಸ್ತ್ರಿಗಳು ಇಂಜಿನ್ನಿನ ಮ್ಯಾಲಿನ ಹೆಡ್ ಒಂದೀಟು ಸವಸ್ತಿದ್ರು. ಒಳಗ ಜಾಗಾ ಕಮ್ಮಿ ಆಗಿ ಪೆಟ್ರೋಲ್-ಗಾಳಿ ಹೆಚ್ಚು ಒತ್ತಿ ಉರೀತದ, ಜೋರು ಹೆಚ್ಚು ಬರ್ತದ. ಒಂದು ಕಾರ್ಬೊರೇಟರ್ ಇದ್ದಲ್ಲೆ ಎರಡು ಕೂಡಸ್ತಿದ್ರು. ಗಾಳಿ ಹೋಗೋ ಬರೋ ದಾರಿ ಕೈಯಿಂದ ತಿಕ್ಕಿ ನುಣ್ಣಗ ಮಾಡ್ತಿದ್ರು. ಹೊಗಿ ಕೊಳವಿ ಬದ್ಲಿ ಮಾಡ್ತಿದ್ರು. ಇಷ್ಟೆಲ್ಲಾ ನನಗ ಹೆಂಗ ಗೊತ್ತು ಅಂದ್ರ, ನಮ್ಮ ಮೈದುನ ಊಟಕ್ಕ ಕೂತಾಗ ಇದನ್ನ ಬಿಟ್ಟು ಬ್ಯಾರೆ ಮಾತ ಇದ್ದಿದ್ದಿಲ್ಲ. ಹುಳಿ ಹಾಕೋತ ಕೇಳಿ ಕೇಳಿ ನನಗೂ ಬಂತು.

1983ರ ಡಿಸೆಂಬರ್ 14ಕ್ಕ ಇಂದಿರಾ ಗಾಂಧಿಯವರು ಮೊದಲನೇ ಮಾರುತಿ 800ರ ಕೀಲಿ ಕೊಟ್ರಲ್ಲ, ಆ ಸಣ್ಣ 796 ಸಿ.ಸಿ. ಗಾಡಿ ಬಂದ ಮ್ಯಾಲೆ ಈ ತಿದ್ದೋ ಕಸಬೂ ಬದ್ಲಾತು. ಕೊಯಮತ್ತೂರಿನ ಕರಿವರ್ಧನ್ ಅನ್ನೋರು ಮಾರುತಿ ಇಂಜಿನ್ ಹಾಕಿ ಒಬ್ಬರ ಕೂಡೋ ರೇಸ್ ಗಾಡಿ ಕಟ್ಟಿದ್ರು. ಫಾರ್ಮುಲಾ ಮಾರುತಿ ಅಂತ ಹೆಸರು. ಅವರು 1995ರಾಗ ವಿಮಾನ ಅಪಘಾತದಾಗ ತೀರಿಕೊಂಡ್ರು, ಕೊಯಮತ್ತೂರಿನ ರೇಸ್ ರಸ್ತಾಕ್ಕ ಅವರ ಹೆಸರ ಇಟ್ಟಾರ. 1993ರಾಗ ಝೆನ್ ಬಂತು. 993 ಸಿ.ಸಿ., ಐವತ್ತು ಕುದುರಿ ಶಕ್ತಿ, ಇಂಜಿನ್ ಪೂರಾ ಅಲ್ಯೂಮಿನಿಯಂದು. ಗಾಡಿ ತೂಕ ಬರೀ ಏಳು-ಏಳೂವರಿ ಕ್ವಿಂಟಲ್. ಮರು ವರ್ಷ ಎಸ್ಟೀಮ್ ಬಂತು, 1298 ಸಿ.ಸಿ. ಇವೆರಡೂ ಇಂಜಿನ್ ಒಂದ ಮನಿತನದ ಅಣ್ಣ-ತಮ್ಮ ಇದ್ದಂಗ. ಅಂದ್ರ ಅಣ್ಣನ ಅಂಗಿ ತಮ್ಮಗ ಹೊಂದಸಬಹುದು. ಇದು ಗೊತ್ತಾದ ಕೂಡ್ಲೆ ಊರೂರಾಗ ಹುಡುಗೂರು ಸಣ್ಣ ಝೆನ್‌ದಾಗ ದೊಡ್ಡ ಎಸ್ಟೀಮ್ ಇಂಜಿನ್ ಕೂಡಸಾಕ ಸುರು ಮಾಡಿದ್ರು. 2000ದ ಆಸುಪಾಸಿನ ಎಸ್ಟೀಮ್ ಅಂತೂ 85 ಕುದುರಿ ಶಕ್ತಿದು. ನಮ್ಮಾಂವ ಬಿಡ್ತಾನೇನು?

2003ರಾಗ 1997ನೇ ಇಸವಿ ಝೆನ್ ಒಂದು 1,70,000ಕ್ಕ ತಂದ. ಮರು ವರ್ಷ, ಅಪಘಾತ ಆದ ಎಸ್ಟೀಮ್ ಒಂದರ ಇಂಜಿನ್ ಅದ ಅಂತ ಗ್ಯಾರೇಜಿನವ ಹೇಳಿದ. ರೊಕ್ಕ ಇರಲಿಲ್ಲ. ನೆಗೆಣ್ಣಿ ತವರುಮನಿಯಿಂದ ತಂದಿದ್ದ ನಾಕು ತೊಲಿ ಪಾಟ್ಲಿ ಕೇಳ್ದ. ಆವಾಗ ಬಂಗಾರ ಹತ್ತು ಗ್ರಾಮಿಗೆ ಆರು ಸಾವಿರದ ಹತ್ರ ಇತ್ತು, 23,000 ಬಂತು. ಅಕೀ ಅಳಲಿಲ್ಲ, ಜಗಳಾನೂ ಮಾಡಲಿಲ್ಲ. ಆದ್ರ ಅತ್ತಿಯವರು ಬಿಡಲಿಲ್ಲ. "ಅಕೀ ಬಂಗಾರ ಕೂತದ ಅಂದ ಮ್ಯಾಲೆ ಗಾಡಿ ಅಕೀ ಹೆಸರಿಲೆ ಆಗ್ಲಿ" ಅಂತ ಹಟಾ ಹಿಡದು ಆರ್.ಸಿ.ದಾಗ ನೆಗೆಣ್ಣಿ ಹೆಸರು ಹಾಕ್ಸಿದ್ರು. ಮೈದುನಗ ಅದೇನು ದೊಡ್ಡ ಮಾತು ಅನಸಲಿಲ್ಲ. ಕಾಗದಾ ಅಷ್ಟ ಅಲ್ಲಾ, ಅಂದ.

ನಾ ಮನಿ ಖರ್ಚಿನ ವಹಿ ಇಡ್ತೇನಿ ಅನ್ನೋದು ನಿಮಗೆಲ್ಲಾ ಗೊತ್ತದ. ಅದರಾಗ ಇನ್ನೂ ಅದ: ಇಂಜಿನ್ 28,000. ಕೂಡಸಿದ ಮಜೂರಿ, ವೈರಿಂಗ್ 9,000. ಅಗಲ ಚಕ್ರ, ಟಾಯರ್ 26,000. ರೇಸಿನವರಂಥ ಎರಡು ಸೀಟು 8,000. ಹೊಗಿ ಕೊಳವಿ 6,500. ಗಾಡಿ ತೆಳಗ ಮಾಡೋ ಸ್ಪ್ರಿಂಗು 7,000. ಒಟ್ಟು 84,500.

ಗಾಡಿ ಏನೋ ಗಾಳಿಗತೆ ಹೋಗ್ತಿತ್ತು, ಸುಳ್ಳ ಹೇಳೂದಿಲ್ಲ. ಒಮ್ಮೆ ಧಾರವಾಡದಿಂದ ರಾತ್ರಿ ನನ್ನ ದವಾಖಾನಿಗೆ ತಂದಾಗ ನಾ ಅವನ್ನ ಹರಸೇನಿ. ಆದ್ರ ಅತ್ತಿಯವರಿಗೆ ಒಂಬತ್ತ ವಾರಿ ಸೀರಿ ಉಟ್ಟು ಆ ತೆಗ್ಗಿನ ಸೀಟಿನ್ಯಾಗ ಕೂಡ್ಲಿಕ್ಕೂ ಆಗ್ತಿದ್ದಿಲ್ಲ, ಏಳಲಿಕ್ಕೂ ಆಗ್ತಿದ್ದಿಲ್ಲ. ಉಬ್ಬು ಬಂದಲ್ಲೆಲ್ಲಾ ಗಾಡಿ ಹೊಟ್ಟಿ ಕರ್ ಅಂತ ನೆಲಾ ತಿಕ್ಕೋದು. ಬೆಳಿಗ್ಗೆ ಸುರು ಮಾಡಿದ್ರ ಓಣ್ಯಾಗಿನ ನಾಯಿ ಎಲ್ಲಾ ಏಳೂವು.

ಝೆನ್‌ದ ಹಳೇ ಇಂಜಿನ್ ಏನಾತು ಅಂತ ಕೇಳ್ತೀರಿ. ಅದನ್ನ ಎಣ್ಣಿ ಅರಿವಿ ಸುತ್ತಿ ಗೋಣಿಚೀಲದಾಗ ಹಾಕಿ ನಮ್ಮ ಹಿತ್ತಲ ಮೆಟ್ಟಲ ಕೆಳಗ ಇಟ್ಟಿದ್ರು. ಹಳೇ ಸೀಟು, ಚಕ್ರ ಅಟ್ಟದ ಮ್ಯಾಲೆ. ಗುಜರಿಯವ ಎರಡು ಸಲ ಬಂದು ಇಂಜಿನ್ ಕೇಳಿದ. ಅತ್ತಿಯವರು "ಗಾಡಿ ಕೂಡ ಬಂದದ್ದು, ಗಾಡಿ ಕೂಡ ಹೋಗ್ಲಿ" ಅಂತ ಕಳಿಸಿದ್ರು. ನಾ ಅದರ ಮ್ಯಾಲೆ ಹಲಗಿ ಹಾಕಿ ಉಪ್ಪಿನಕಾಯಿ ಭರಣಿ ಇಡ್ತಿದ್ದೆ. ಎಂಟು ವರ್ಷ ಹಂಗ ಇತ್ತು.

2012ರಾಗ ಮೈದುನನ ಮಗಳು ಪಿ.ಯು.ಸಿ. ಮುಗಿಸಿದ್ಲು, ಇಂಜಿನಿಯರಿಂಗಿಗೆ ಸೀಟು ಸಿಕ್ತು. ಫೀ ಕಟ್ಟಲಿಕ್ಕೆ ಜುಲೈ ಕಡೀತನಾ ವ್ಯಾಳ್ಯಾ. ಅವನ ವ್ಯಾಪಾರ ಆಗಲೇ ಬಿದ್ದಿತ್ತು. ಗಾಡಿ ಮಾರೋದು ಅಂತ ಆತು. ಅವನ ಲೆಕ್ಕ ಸರಳ: ಗಾಡಿ ಕಿಮ್ಮತ್ತು, ಪ್ಲಸ್ ಹಾಕಿದ್ದು.

ಬಂದ ಗಿರಾಕಿಗಳ ಲೆಕ್ಕ ಬ್ಯಾರೆ ಇತ್ತು. ಸಂಸಾರದವರು ಬಂದ್ರ ಶಬ್ದ ಕೇಳಿ ಹೊಳ್ಳಿ ಹೋದ್ರು. ಒಬ್ಬ ಹಿರಿಯರು ಕೂಡಲೂ ಇಲ್ಲ. "ಇದನ್ನ ಹೊಡದು ಹಣ್ಣ ಮಾಡೀರಿ" ಅಂದ್ರು. ಅವರು ಅಂದದ್ದರಾಗೂ ಅರ್ಥ ಅದ. ಜೋರು ಹೆಚ್ಚು ಮಾಡಿದ್ರ ಕ್ಲಚ್ಚು, ಗೇರ್‌ಬಾಕ್ಸ್, ಬ್ರೇಕು ಹಳೇ ಐವತ್ತು ಕುದುರಿಗೆ ಮಾಡಿದ್ದ ಉಳದಿರ್ತಾವ. ತೆಳು ಬೋಗಾಣಿ ತಂದು ದೊಡ್ಡ ಬರ್ನರಿನ ಮ್ಯಾಲೆ ಇಟ್ಟಂಗ. ಇನ್ನ ಹುಚ್ಚಿನ ಹುಡುಗೂರು ಬಂದ್ರ ಅವರಿಗೆ ಗಾಡಿ ಬೇಕು, ಆದ್ರ ನಮ್ಮ ಚಕ್ರ ಬ್ಯಾಡ, ನಮ್ಮ ಸೀಟು ಬ್ಯಾಡ. ಒಬ್ಬಾಕಿ ಹೊಲಿಸಿದ ಜಂಪರ್ ಇನ್ನೊಬ್ಬಾಕಿಗೆ ಎಷ್ಟ ಛಂದಿದ್ರೂ ಆಗೂದಿಲ್ಲಲ್ಲ, ಹಂಗ.

ಕಡೀಕ ಬೆಳಗಾವಿ ಕಡೆ ಹುಡುಗ ಒಬ್ಬ ಬಂದ. ಬೈಪಾಸ್ ತನಾ ಹೊಡಕೊಂಡು ಬಂದು, "1,10,000 ಕೊಡ್ತೇನಿ, ಈಗ ರೊಕ್ಕ" ಅಂತ ಟೇಬಲ್ ಮ್ಯಾಲೆ ಇಟ್ಟಬಿಟ್ಟ. ಒಂದ ಮಾತು, ಹೆಸರು ಬದ್ಲಿ ಆಮ್ಯಾಲೆ ಮಾಡಸ್ಕೋತೇನಿ, 29 ಮತ್ತ 30ನೇ ಫಾರ್ಮಿಗೆ ಖಾಲಿ ಸಹಿ ಮಾಡಿ ಕೊಡ್ರಿ ಅಂದ. ಅಂವಗ ಗೊತ್ತಿತ್ತು, ಒಳಗಿರೋ ಇಂಜಿನ್ ನಂಬರ್ ಬ್ಯಾರೆ, ಆರ್.ಸಿ.ದಾಗಿಂದು ಬ್ಯಾರೆ. ಆರ್.ಟಿ.ಓ. ಮುಂದ ಒಯ್ದ್ರ ಸಿಗಬೀಳ್ತದ. ಮ್ಯಾಲೆ ಗಾಡಿಗೆ ಹದಿನೈದು ವರ್ಷ ತುಂಬಿತ್ತು, ನೋಂದಣಿ ಹೊಸಾದ ಮಾಡ್ಸಬೇಕಿತ್ತು. ಅದಕ್ಕಂತೂ ಗಾಡೀನ ಒಯ್ದು ತೋರಸಬೇಕು.

ಮೈದುನ ಪೆನ್ನು ತಗದು ನೆಗೆಣ್ಣಿಗೆ ಕೊಟ್ಟ. ಅಕೀ ಸಹಿ ಮಾಡಲಿಲ್ಲ. "ಆಮ್ಯಾಲೆ ಯಾರಿಗರೆ ಹಾಯಿಸಿದ್ರ ಯಾರ ಹೆಸರು ಬರ್ತದ?" ಅಂತ ಕೇಳಿದ್ಲು. ಹುಡುಗ ನಕ್ಕು, "ಅಕ್ಕಾರ, ಎಲ್ಲಾರೂ ಹಿಂಗ ಮಾಡ್ತಾರ್ರಿ" ಅಂದ. ಅಕೀ ಹತ್ತನೇತ್ತೆ ಓದಿದಾಕಿ, ನಾ ಪಿ.ಯು.ಸಿ. ನಾ ಅಕೀನ ಒಳಗ ಕರದು, "ಒಂದ ಸಹಿ, ಮಾಡಿಬಿಡವಾ, ಹುಡುಗಿ ಫೀ ಅದ" ಅಂದೆ. ಖರೇ ಹೇಳ್ತೇನಿ, ಇವತ್ತಿಗೂ ಅದು ನೆನಪಾದ್ರ ನನಗ ನಾಚಿಕಿ ಬರ್ತದ. ಅಕೀ ನನ್ನ ಮಾರಿ ನೋಡಿ, "ಅಕ್ಕಾ, ಪಾಟ್ಲಿ ಕೊಟ್ಟಾಗ ಒಮ್ಮೆ ಸುಮ್ಮನಿದ್ದೆ" ಅಂದ್ಲು. ಅಷ್ಟ. ಹೊರಗ ಹೋಗಿ ಪೆನ್ನು ಟೇಬಲ್ ಮ್ಯಾಲೆ ಇಟ್ಲು. ಹುಡುಗ ರೊಕ್ಕ ತಗೊಂಡು ಎದ್ದು ಹೋದ. ಮೈದುನ ನಾಕು ದಿನ ಮಾತಾಡಲಿಲ್ಲ, ಊಟಕ್ಕ ಅಂಗಡೀಲೆ ಬುತ್ತಿ ತರಿಸ್ಕೊಂಡ.

ಅಕೀ ಅಂದದ್ದು ಎಷ್ಟು ಸರಿ ಇತ್ತು ಅನ್ನೋದು ನಮಗ ಆಮ್ಯಾಲೆ ತಿಳೀತು. 1988ರ ಮೋಟಾರು ವಾಹನ ಕಾಯಿದೆ ಪ್ರಕಾರ ಮಾರಿದಾಂವ ಹದಿನಾಕು ದಿನದಾಗ ಆರ್.ಟಿ.ಓ.ಗೆ ತಿಳಿಸಬೇಕು, ಕೊಂಡಾಂವ ಮೂವತ್ತು ದಿನದಾಗ. 2018ರಾಗ ಸುಪ್ರೀಂ ಕೋರ್ಟು ಒಂದು ಅಪಘಾತದ ಕೇಸಿನ್ಯಾಗ ಸಾಫ್ ಹೇಳ್ತು: ಗಾಡಿ ಎಷ್ಟು ಕೈ ದಾಟಿ ಹೋಗಿರ್ಲಿ, ಆರ್.ಟಿ.ಓ. ದಾಖಲೆದಾಗ ಯಾರ ಹೆಸರು ಉಳದದ ಅವರ ಮಾಲಕರು, ಪರಿಹಾರದ ಭಾರಾ ಅವರ ಮ್ಯಾಲ. ಕೊಂಡಾಂವ ಮತ್ತೊಬ್ಬಗ, ಅಂವ ಇನ್ನೊಬ್ಬಗ ಕೊಟ್ಟಿದ್ರೂ ಅಷ್ಟ. ಅಂದ್ರ ಆ ಬೆಳಗಾವಿ ಹುಡುಗ ಎಲ್ಲೆರೆ ಏನರೆ ಮಾಡಿದ್ರ ನೋಟೀಸು ಬರ್ತಿದ್ದು ನಮ್ಮ ನೆಗೆಣ್ಣಿಗೆ.

ಬದ್ಲಿ ಮಾಡಿದ ಗಾಡಿದೂ ಹಂಗ. ಆ ಕಾಯಿದೆ 52ನೇ ಕಲಮಿನ್ಯಾಗ ಅದ, ಕಂಪನಿ ಮಾಡಿದ್ದಕ್ಕೂ ಆರ್.ಸಿ.ಗೂ ಹೊಂದಲಾರದಂಗ ಗಾಡಿ ಬದ್ಲಿ ಮಾಡಬಾರ್ದು ಅಂತ. ಗ್ಯಾಸ್ ಕಿಟ್ ಕೂಡಸಲಿಕ್ಕೆ, ಅಂಗವಿಕಲರಿಗೆ ಅನುಕೂಲ ಮಾಡ್ಲಿಕ್ಕೆ ಪರವಾನಗಿ ಸಿಗ್ತದ. ರೇಸಿನ ಹುಚ್ಚಿಗೆ ಸಿಗೂದಿಲ್ಲ. 2019ರ ಜನವರಿಯಾಗ ಕೇರಳದ ಕೇಸ್ ಒಂದರಾಗ ಸುಪ್ರೀಂ ಕೋರ್ಟು ಇದನ್ನ ಮತ್ತ ಗಟ್ಟಿ ಮಾಡ್ತು. ಅದ ವರ್ಷ ಕಾಯಿದೆ ತಿದ್ದಿ, ಒಂದೊಂದು ಬದ್ಲಾವಣಿಗೂ 5,000 ದಂಡ, ಇಲ್ಲಾ ಆರು ತಿಂಗಳ ತನಾ ಜೈಲು, ಇಲ್ಲಾ ಎರಡೂ ಅಂತ ಇಟ್ರು. ನಮ್ಮ ಓಣಿ ವೈನಿ ಮಗಾ ಗಾಡಿಗೆ ಎಷ್ಟು ಹಚ್ಯಾನೋ, ಎಣಿಸಿ ನೋಡ್ಕೊಳ್ಳಿ.

ಐದನೇ ದಿನ ಮೈದುನ ತಾನ ಹಿತ್ತಲಕ್ಕ ಬಂದು ನನ್ನ ಭರಣಿ ಎತ್ತಿ ಬಾಜೂಕ ಇಟ್ಟು ಗೋಣಿಚೀಲ ಬಿಚ್ಚಿದ. ಹಳೇ ಇಂಜಿನ್ನಿಗೆ ತುಕ್ಕಿಲ್ಲ, ಬರೀ ಧೂಳು, ಮ್ಯಾಲೆ ಒಂದೀಟು ಮಾವಿನಕಾಯಿ ರಸ ಸೋರಿ ಕರ್ರಗಾಗಿತ್ತು. ಗ್ಯಾರೇಜಿನ್ಯಾಗ ಅದನ್ನ ಹೊಳ್ಳಿ ಕೂಡಸಲಿಕ್ಕೆ 11,000 ಆತು. ಅಟ್ಟದಿಂದ ಹಳೇ ಸೀಟು, ಚಕ್ರ, ಸ್ಪ್ರಿಂಗು ಇಳದುವು. ಗಾಡಿ ಮತ್ತ ಎತ್ತರಾತು. ಸುರು ಮಾಡಿದ್ರ ನಾಯಿ ಏಳಲಿಲ್ಲ.

ಆರ್.ಟಿ.ಓ. ಆಫೀಸಿಗೆ ನೆಗೆಣ್ಣಿ ಜೋಡಿ ನಾನೂ ಹೋದೆ. ಅಲ್ಲೆ ಚಾಸಿ ನಂಬರಿನ ಮ್ಯಾಲೆ ಕಾಗದಾ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತಗೋತಾರ, ನಾವು ಸಣ್ಣವರಿದ್ದಾಗ ನಾಣ್ಯದ ಮ್ಯಾಲೆ ತಿಕ್ತಿದ್ದಿವಲ್ಲ, ಹಂಗ. ಇಂಜಿನ್ ನಂಬರು ಒಂದೊಂದ ಅಂಕಿ ಓದಿ ಆರ್.ಸಿ. ಕೂಡ ತಾಳೆ ಹಚ್ಚಿದ್ರು. ಹೊಂದ್ತು. ನೋಂದಣಿ ಐದು ವರ್ಷಕ್ಕ ಹೊಸಾದಾತು. ಅದಾದ ಎಂಟು ದಿನಕ್ಕ ನವಲಗುಂದ ಕಡೆ ಮಾಸ್ತರು ಒಬ್ಬರು ಮನಿಮಂದಿ ಕೂಡ ಬಂದು 58,000ಕ್ಕ ತಗೊಂಡ್ರು. ನೆಗೆಣ್ಣಿ ತುಂಬಿದ ಫಾರ್ಮು ಓದಿ, ತಾರೀಖು ಬರದು, ಸಹಿ ಮಾಡಿದ್ಲು. ಹೊಸಾ ಹೆಸರಿನ ಆರ್.ಸಿ. ಆದ ಮ್ಯಾಲೆ ಅದರ ಝೆರಾಕ್ಸ್ ಬೇಕು ಅಂತ ಮಾಸ್ತರಿಗೆ ಮೊದಲ ಹೇಳಿ ಇಟ್ಟಿದ್ಲು, ಬಂದ ಮ್ಯಾಲೆ ಅದನ್ನ ಟ್ರಂಕಿನ್ಯಾಗ ಇಟ್ಲು. ಎಸ್ಟೀಮ್ ಇಂಜಿನ್ ದಾಂಡೇಲಿ ಕಡೆ ಜಿಪ್ಸಿಯವ 17,000ಕ್ಕ ಒಯ್ದ. ಅಗಲ ಚಕ್ರಕ್ಕ 9,000, ಸೀಟಿಗೆ 1,500.

ವಹಿ ಪ್ರಕಾರ ಎಲ್ಲಾ ಕೂಡಿ 85,500, ಕೂಡಸಿದ ಖರ್ಚು ತಗದು 74,500. ಬೆಳಗಾವಿ ಹುಡುಗ ಕೊಡ್ತಿದ್ದಕ್ಕಿಂತ 35,500 ಕಮ್ಮಿ. ಆ ಕಮ್ಮಿ ಬಿದ್ದದ್ದಕ್ಕ ನಮ್ಮನಿಯವರು ಸೊಸೈಟ್ಯಾಗ ಸಾಲ ತಗದ್ರು, ಹುಡುಗಿ ಫೀ ವ್ಯಾಳ್ಯಾಕ್ಕ ಕಟ್ಟಿದಿವಿ. ಬಂಗಾರ ಅಷ್ಟೊತ್ತಿಗೆ ಹತ್ತು ಗ್ರಾಮಿಗೆ ಮೂವತ್ತು ಸಾವಿರದ ಆಸುಪಾಸು. ಆ ನಾಕು ತೊಲಿ ಪಾಟ್ಲಿ ಹಂಗ ಪೆಟ್ಟಿಗ್ಯಾಗ ಕೂತಿದ್ರ 1,20,000 ಆಗ್ತಿದ್ದುವು. ಮೈದುನಗ ನಾ ಇದನ್ನ ಬಾಯಿಬಿಟ್ಟು ಹೇಳಲಿಲ್ಲ, ವಹಿ ಅವನ ಮುಂದ ತಗದ ಇಟ್ಟೆ. ಓದಿ ಮುಚ್ಚಿದ. ಚಕ್ರದ ಒಂಬತ್ತು ಸಾವಿರ ಫೀಗೆ ಕೂಡಸೂದು ಬ್ಯಾಡ ಅಂತ ತಾನ ಹೇಳ್ದ. ನೆಗೆಣ್ಣಿ ಅದರಾಗ ಮೂರು ಗ್ರಾಮಿನ ಕಿವ್ಯಾಗಿನ ಓಲಿ ಮಾಡ್ಸಿಕೊಂಡ್ಲು. ಈಗೂ ದಿನಾ ಅವನ್ನ ಹಾಕೋತಾಳ.

ಮೆಟ್ಟಲ ಕೆಳಗಿನ ಜಾಗಾ ಖಾಲಿ ಆತು. ಭರಣಿ ಈಗ ನೆಲದ ಮ್ಯಾಲೆ ಇಡ್ತೇನಿ, ಇರಿವಿ ಹತ್ತತಾವ. ಸುತ್ತ ಅರಿಷಿಣ ಹಾಕ್ರಿ ಅಂತ ಎಲ್ಲಾರೂ ಹೇಳ್ತೀರಿ. ಹಾಕಿ ನೋಡೇನಿ, ನಿಲ್ಲವಲ್ದುವು.